ಪಿಯು ಟಾಪ್‌ಕೋಟ್ ಅಂದರೆ ಯಾವ ಪಿಯು? ಕಾರ್ಖಾನೆ, ಗೋದಾಮು, ಶೋರೂಂ ನೆಲಕ್ಕೆ ಕೊನೆಯ ಪದರ ಆರಿಸುವ ಬಗೆ

ಪೀಣ್ಯದಲ್ಲಿ ಸಣ್ಣದೊಂದು ಮೆಷಿನ್ ಶಾಪ್ ನಡೆಸುವ ಪರಿಚಯದವರೊಬ್ಬರು ಈಚೆಗೆ ಮೂರು ಕೊಟೇಶನ್ ತಂದು ಮೇಜಿನ ಮೇಲೆ ಹರಡಿದರು. ಮೂರರಲ್ಲೂ ಕೊನೆಯ ಸಾಲು ಒಂದೇ: ‘ಪಿಯು ಟಾಪ್‌ಕೋಟ್, ಒಂದು ಕೋಟ್’. ಪಿಯು ಅಂದರೆ ಪಾಲಿಯುರೆಥೇನ್, ಟಾಪ್‌ಕೋಟ್ ಅಂದರೆ ನೆಲಕ್ಕೆ ಬಳಿಯುವ ಕೊನೆಯ ಪದರ. ಆದರೆ ಮೊದಲನೆಯದಕ್ಕೂ ಮೂರನೆಯದಕ್ಕೂ ದರದಲ್ಲಿ ಎರಡು ಪಟ್ಟು ವ್ಯತ್ಯಾಸ. ‘ಮೂರೂ ಪಿಯುನೇ ಅಲ್ವಾ, ಕಡಿಮೆಯದ್ದನ್ನೇ ಹಾಕಿಸಿಬಿಡಲಾ?’ ಅಂತ ಕೇಳಿದರು. ಮೂವರಿಗೂ ಫೋನ್ ಮಾಡಿದೆವು. ಒಂದು ನೀರಿನಲ್ಲಿ ಬೆರೆಯುವ ಪಿಯು, ಇನ್ನೊಂದು ಥಿನ್ನರ್ ಇರುವ ಪಿಯು, ಮೂರನೆಯದು ಪಾಲಿಆಸ್ಪಾರ್ಟಿಕ್. ಹೆಸರು ಒಂದೇ, ಡಬ್ಬಿಯೊಳಗಿನ ಸರಕು ಬೇರೆ ಬೇರೆ. ಪದರ ಎಷ್ಟು ದಪ್ಪ, ಎಷ್ಟು ಗಂಟೆ ಶೆಡ್ ಮುಚ್ಚಬೇಕು, ಬಿಸಿಲಿಗೆ ಹಳದಿಯಾಗುತ್ತದಾ, ಈ ಒಂದು ಮಾತೂ ಆ ಹಾಳೆಗಳಲ್ಲಿ ಇರಲಿಲ್ಲ.

ಅಂಥ ಕೊಟೇಶನ್ ಕೈಯಲ್ಲಿ ಹಿಡಿದು ಕುಳಿತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಡಬ್ಬಿಯ ಹೆಸರು ನೋಡುವ ಮೊದಲು ಎರಡು ಪ್ರಶ್ನೆಗೆ ನೀವೇ ಉತ್ತರ ಬರೆದಿಟ್ಟುಕೊಳ್ಳಿ. ನಿಮ್ಮ ನೆಲಕ್ಕೆ ದಿನದಲ್ಲಿ ಅತಿ ಕಷ್ಟ ಕೊಡುವುದು ಏನು? ಕೆಲಸ ನಿಲ್ಲಿಸಿ ಎಷ್ಟು ಗಂಟೆ ನೆಲವನ್ನು ಬಿಟ್ಟುಕೊಡಬಲ್ಲಿರಿ? ಈ ಎರಡು ಉತ್ತರ ಸಿಕ್ಕರೆ ಮುಕ್ಕಾಲು ಆಯ್ಕೆ ಮುಗಿದ ಹಾಗೆ.

ಎಪಾಕ್ಸಿ ಮೈ, ಪಿಯು ಚರ್ಮ

ಸಾಮಾನ್ಯವಾಗಿ ನಮ್ಮಲ್ಲಿ ಕಾಂಕ್ರೀಟ್ ಮೇಲೆ ಪ್ರೈಮರ್, ಅದರ ಮೇಲೆ ಒಂದರಿಂದ ಮೂರು ಮಿಲಿಮೀಟರ್ ಎಪಾಕ್ಸಿ (ಹಾರ್ಡನರ್ ಬೆರೆಸಿದಾಗ ಗಟ್ಟಿಯಾಗುವ ರಾಳ), ಎಲ್ಲಕ್ಕಿಂತ ಮೇಲೆ ಪಿಯು ಹಾಕುತ್ತಾರೆ. ಭಾರ ಹೊರುವುದು ಕಾಂಕ್ರೀಟ್ ಮತ್ತು ಎಪಾಕ್ಸಿ. ಪಿಯು ಬರೀ 50ರಿಂದ 75 ಮೈಕ್ರಾನ್ ದಪ್ಪದ ಪದರ, ಹೆಚ್ಚುಕಡಿಮೆ ಒಂದು ತಲೆಕೂದಲಿನಷ್ಟು. ಹಾಗಾದರೆ ಅದು ಯಾಕೆ ಬೇಕು?

ಎಪಾಕ್ಸಿ ಗಟ್ಟಿ, ಆದರೆ ಪೆಡಸು. ಬೇಗ ಗೀರು ಬೀಳುತ್ತದೆ. ಬಿಸಿಲು ಬಿದ್ದರೆ ಹಳದಿಗೆ ತಿರುಗಿ, ಆಮೇಲೆ ಸುಣ್ಣದ ಹಾಗೆ ಪುಡಿ ಬಿಡುತ್ತದೆ. ಶೆಡ್‌ನ ಶಟರ್ ಬಾಗಿಲ ಹತ್ತಿರ ನೋಡಿ, ಬೂದು ಬಣ್ಣದ ನೆಲ ಹಸಿರು ಮಿಶ್ರಿತ ಹಳದಿಯಾಗಿರುತ್ತದೆ. ಪಿಯು ಸ್ವಲ್ಪ ಬಾಗುವ ಗುಣ ಇರುವ ಪದಾರ್ಥ. ಗೀರು ತಡೆಯುತ್ತದೆ, ಒಳ್ಳೆಯದಾದರೆ ಬಣ್ಣ ಹಿಡಿದಿಡುತ್ತದೆ, ಎಣ್ಣೆ, ಬ್ರೇಕ್ ಆಯಿಲ್, ಸೋಪುನೀರು ಬಿದ್ದರೂ ಬೇಗ ಕಲೆಯಾಗಲು ಬಿಡುವುದಿಲ್ಲ.

ಪಾಲಿಯುರೆಥೇನ್ ಅನ್ನುವುದು ಒಂದು ವಸ್ತುವಿನ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. 1937ರಲ್ಲಿ ಜರ್ಮನಿಯ ಲೆವರ್‌ಕೂಸೆನ್‌ನಲ್ಲಿ ಒಟ್ಟೊ ಬಾಯರ್ ಮತ್ತು ಅವರ ತಂಡ ಈ ರಸಾಯನವನ್ನು ಕಂಡುಹಿಡಿದರು. ನಿಮ್ಮ ಹಾಸಿಗೆಯ ಫೋಮ್, ಶೂ ತಳ, ಫ್ರಿಜ್ ಗೋಡೆಯೊಳಗಿನ ಫೋಮ್, ಎಲ್ಲವೂ ಇದೇ ಮನೆತನ. ಇಷ್ಟು ಬೇರೆ ಬೇರೆ ಸರಕು ಒಂದೇ ಹೆಸರಿನಲ್ಲಿ ಬರುವಾಗ ‘ಪಿಯು ಹಾಕ್ತೀವಿ’ ಅನ್ನುವ ಮಾತಿಗೆ ಬೆಲೆ ಕಡಿಮೆ. ಯಾವ ಪಿಯು ಅಂತ ಕೇಳಲೇಬೇಕು.

ಮೊದಲು ಕೇಳಬೇಕಾದ ಒಂದು ಪದವಿದೆ: ಅಲಿಫ್ಯಾಟಿಕ್. ಪಿಯುವಿನ ಹಾರ್ಡನರ್‌ನಲ್ಲಿ, ಅಂದರೆ ಅದನ್ನು ಗಟ್ಟಿಯಾಗಿಸುವ ಭಾಗದಲ್ಲಿ, ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಅಲಿಫ್ಯಾಟಿಕ್ ಆದರೆ ಬಿಸಿಲಿಗೆ ಬಣ್ಣ ಕೆಡುವುದಿಲ್ಲ. ಅರೋಮ್ಯಾಟಿಕ್ ಆದರೆ ಬೆಲೆ ಕಡಿಮೆ, ಆದರೆ ಎಪಾಕ್ಸಿಯ ಹಾಗೆಯೇ ಹಳದಿಯಾಗುತ್ತದೆ. ಹಾಗಾಗಿ ಮೇಲಿನ ಕೊನೆಯ ಪದರಕ್ಕೆ ಅರೋಮ್ಯಾಟಿಕ್ ಬೇಡ. ಕೊಟೇಶನ್‌ನಲ್ಲಿ ಈ ಪದ ಇಲ್ಲದಿದ್ದರೆ ಕೈಯಲ್ಲೇ ಬರೆಸಿ, ಸಹಿ ಹಾಕಿಸಿ.

ಥಿನ್ನರ್ ಪಿಯು: ಹಳೆಯ ನಂಬಿಕಸ್ಥ

ಎರಡು ಡಬ್ಬಿ, ಪಾರ್ಟ್ ಎ ಮತ್ತು ಪಾರ್ಟ್ ಬಿ. ಬೆರೆಸಿ, ರೋಲರ್‌ನಲ್ಲಿ ಎಳೆದರೆ ಕನ್ನಡಿಯಂಥ ಮೈ. ಕಾರ್ಖಾನೆಗಳಲ್ಲಿ ಬಹಳ ಕಾಲದಿಂದ ನಡೆದುಬಂದಿರುವುದು ಇದೇ. ಬೆರೆಸಿದ ಮೇಲೆ ಒಂದೆರಡು ಗಂಟೆ ಸಮಯ ಸಿಗುತ್ತದೆ. ಕೆಲಸಗಾರರಿಗೆ ಅವಸರ ಇರುವುದಿಲ್ಲ, ರೋಲರ್ ಗುರುತು ಕೂಡಿಕೊಳ್ಳುತ್ತದೆ. ಮಾರನೆಯ ದಿನ ನಡೆಯಬಹುದು, ಎರಡು ಮೂರು ದಿನಕ್ಕೆ ಫೋರ್ಕ್‌ಲಿಫ್ಟ್ ಬಿಡಬಹುದು, ಪೂರ್ತಿ ಗಟ್ಟಿಯಾಗಲು ಏಳು ದಿನ.

ತೊಂದರೆ ಎರಡು. ಒಂದು, ವಾಸನೆ. ಗಾರ್ಮೆಂಟ್ ಘಟಕದಲ್ಲಿ ಕೆಳಗಿನ ಮಹಡಿಗೆ ಕೋಟಿಂಗ್ ಮಾಡಿಸುತ್ತಾ ಮೇಲಿನ ಮಹಡಿಯಲ್ಲಿ ಹೊಲಿಗೆ ಸಾಲು ನಡೆಸೋಣ ಅಂತ ಹೊರಟರೆ, ಮಧ್ಯಾಹ್ನದ ಹೊತ್ತಿಗೆ ಅಲ್ಲಿದ್ದವರಿಗೆಲ್ಲ ತಲೆನೋವು. ಆಹಾರ ಪದಾರ್ಥ ಇಟ್ಟಿರುವ ಗೋದಾಮಿನಲ್ಲಂತೂ ಯೋಚಿಸಲೇಬೇಡಿ, ಅಕ್ಕಿ, ಬೇಳೆ, ಕಾಫಿಬೀಜ ವಾಸನೆ ಹೀರಿಕೊಳ್ಳುತ್ತವೆ. ಥಿನ್ನರ್ ಆವಿಗೆ ಬೆಂಕಿ ಬೇಗ ಹಿಡಿಯುತ್ತದೆ. ಪಕ್ಕದಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ನಡೆಯಬಾರದು.

ಎರಡನೆಯದು, ದಪ್ಪ ಎಳೆಯುವ ಆಸೆ. ಐಸೊಸಯನೇಟ್‌ಗೆ ನೀರು ಸಿಕ್ಕರೆ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ತೆಳು ಪದರದಲ್ಲಿ ಆ ಗಾಳಿ ಹೊರಗೆ ಹೋಗುತ್ತದೆ. ದಪ್ಪ ಎಳೆದರೆ ಒಳಗೇ ಸಿಕ್ಕಿಹಾಕಿಕೊಂಡು ಸಾಸಿವೆಯಷ್ಟು ಸಣ್ಣ ಗುಳ್ಳೆಗಳಾಗುತ್ತವೆ. ‘ಒಂದೇ ಸಲ ದಪ್ಪಗೆ ಹೊಡೆದುಬಿಡೋಣ ಸಾರ್’ ಅನ್ನುವವರಿಗೆ ಒಪ್ಪಬೇಡಿ. ಎರಡು ತೆಳು ಕೋಟ್ ಯಾವತ್ತೂ ಒಂದು ದಪ್ಪ ಕೋಟಿಗಿಂತ ಮೇಲು.

ನೀರಿನ ಪಿಯು: ಒಳಾಂಗಣಕ್ಕೆ ನನ್ನ ಮೊದಲ ಆಯ್ಕೆ

ವಾಟರ್‌ಬೇಸ್ಡ್ ಅಂದ ತಕ್ಷಣ ದುರ್ಬಲ ಅಂದುಕೊಳ್ಳುವವರು ಜಾಸ್ತಿ. ಒಂದೇ ಡಬ್ಬಿಯಲ್ಲಿ ಬರುವ ಅಗ್ಗದ ಸೀಲರ್ ವಿಷಯದಲ್ಲಿ ಅದು ನಿಜ. ಆದರೆ ಎರಡು ಡಬ್ಬಿಯ ನೀರಿನ ಪಿಯು ಈಗ ಬಹಳ ಮುಂದೆ ಬಂದಿದೆ. ಗೀರು ತಡೆಯುವುದರಲ್ಲಿ ಥಿನ್ನರ್ ಪಿಯುವಿಗೆ ಸಮ, ಕೆಲವು ಸರಕು ಅದಕ್ಕಿಂತ ಮೇಲು. ವಾಸನೆ ತೀರಾ ಕಡಿಮೆ. ಆಸ್ಪತ್ರೆ ಕಾರಿಡಾರ್, ಶಾಲೆ, ಔಷಧದ ಗೋದಾಮು, ಜನ ಓಡಾಡುವ ಶೋರೂಂ, ಇಲ್ಲೆಲ್ಲ ನಾನು ಇದನ್ನೇ ಹೇಳುತ್ತೇನೆ.

ಇದು ಮ್ಯಾಟ್ ಮೈಯಲ್ಲಿ ತುಂಬಾ ಚೆನ್ನಾಗಿ ಬರುತ್ತದೆ. ಇಲ್ಲಿ ಒಂದು ಮಾತು. ನಮ್ಮಲ್ಲಿ ಎಲ್ಲರಿಗೂ ಶೈನಿಂಗ್ ಬೇಕು. ಉದ್ಘಾಟನೆಯ ದಿನ ಫೋಟೊದಲ್ಲಿ ಚೆಂದ ಕಾಣುತ್ತದೆ, ನಿಜ. ಆದರೆ ಹೊಳೆಯುವ ನೆಲದಲ್ಲಿ ಪ್ರತಿ ಗೀರು, ನೆಲದ ಪ್ರತಿ ಏರುತಗ್ಗು ಟ್ಯೂಬ್‌ಲೈಟ್ ಬೆಳಕಲ್ಲಿ ಎದ್ದು ಕಾಣುತ್ತದೆ. ಮ್ಯಾಟ್ ನೆಲ ಮೂರು ವರ್ಷದ ನಂತರವೂ ಹೆಚ್ಚುಕಡಿಮೆ ಮೊದಲ ದಿನದ ಹಾಗೇ ಇರುತ್ತದೆ. ದಯವಿಟ್ಟು ಒಮ್ಮೆ ಮ್ಯಾಟ್ ಸ್ಯಾಂಪಲ್ ನೋಡಿ, ಆಮೇಲೆ ನಿರ್ಧಾರ ಮಾಡಿ.

ನೀರಿನ ಪಿಯುವಿನಲ್ಲಿ ಒಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಥಿನ್ನರ್ ಪಿಯು ಹಳೆಯದಾದಾಗ ಬಕೆಟ್‌ನಲ್ಲಿ ಗಟ್ಟಿಯಾಗುತ್ತಾ ಬಂದು ತಾನೇ ಹೇಳುತ್ತದೆ. ನೀರಿನ ಪಿಯುವಿನ ಎಷ್ಟೋ ಸರಕು ಹಾಗೆ ಹೇಳುವುದಿಲ್ಲ. ಪಾಟ್ ಲೈಫ್ (ಬೆರೆಸಿದ ಮೇಲೆ ಬಳಸಬಹುದಾದ ಸಮಯ) ಮುಗಿದರೂ ಮಜ್ಜಿಗೆಯಷ್ಟು ತೆಳುವಾಗಿಯೇ ಇರುತ್ತದೆ, ರೋಲರ್‌ನಲ್ಲಿ ಸಲೀಸಾಗಿ ಹರಡುತ್ತದೆ. ಒಣಗಿದ ಮೇಲೆ ಆ ಭಾಗಕ್ಕೆ ಶಕ್ತಿಯೇ ಇರುವುದಿಲ್ಲ, ಹೊಳಪೂ ಬೇರೆಯಾಗಿರುತ್ತದೆ. ಆದ್ದರಿಂದ ಬೆರೆಸಿದ ಸಮಯವನ್ನು ಬಕೆಟ್ ಮೇಲೆ ಮಾರ್ಕರ್‌ನಿಂದ ಬರೆಯಬೇಕು. ಹೊತ್ತು ಮೀರಿದ ಉಳಿಕೆಯನ್ನು ಚೆಲ್ಲಬೇಕು. ದುಡ್ಡು ದಂಡ ಅನ್ನಿಸುತ್ತದೆ, ಆದರೂ ಚೆಲ್ಲಬೇಕು.

ಪಾಲಿಆಸ್ಪಾರ್ಟಿಕ್: ಒಂದೇ ಭಾನುವಾರ ಸಿಗುವವರಿಗೆ

ಶನಿವಾರ ರಾತ್ರಿ ಶಿಫ್ಟ್ ಮುಗಿದು ಸೋಮವಾರ ಬೆಳಿಗ್ಗೆ ಲಾರಿ ಬರಬೇಕು. ನಡುವೆ ಸಿಗುವುದು ಒಂದೇ ದಿನ. ಅಂಥ ಕಡೆ ಇದಕ್ಕೆ ಸಾಟಿಯಿಲ್ಲ. 1990ರ ದಶಕದಲ್ಲಿ ಬಾಯರ್ ಕಂಪನಿ ಬೆಳೆಸಿದ ತಂತ್ರ ಇದು. ಹಾರ್ಡನರ್ ಅದೇ ಅಲಿಫ್ಯಾಟಿಕ್ ಐಸೊಸಯನೇಟ್, ಎದುರಿಗಿರುವ ರಾಳ ಬೇರೆ. ಎರಡರಿಂದ ನಾಲ್ಕು ಗಂಟೆಯಲ್ಲಿ ನಡೆಯಬಹುದು, 24 ಗಂಟೆಯಲ್ಲಿ ಗಾಡಿ ಬಿಡಬಹುದು. ಬಿಸಿಲಿಗೆ ಹಳದಿಯಾಗುವುದಿಲ್ಲ. 200 ಮೈಕ್ರಾನ್ ದಪ್ಪವನ್ನೂ ಒಂದೇ ಕೋಟಿನಲ್ಲಿ ಎಳೆಯಬಹುದು, ಥಿನ್ನರ್ ಪಿಯುವಿನಷ್ಟು ಗುಳ್ಳೆಯ ಭಯ ಇಲ್ಲ.

ಆದರೆ ಕೈ ಚುರುಕಾಗಿರಬೇಕು. ಪಾಟ್ ಲೈಫ್ ಕೆಲವು ಸರಕಿಗೆ 15ರಿಂದ 30 ನಿಮಿಷ ಮಾತ್ರ. ಅದು ತಂಪು ಹವೆಯ ಲೆಕ್ಕ. ಏಪ್ರಿಲ್‌ನ ಕಲಬುರಗಿ, ಬಳ್ಳಾರಿ ಬಿಸಿಯಲ್ಲಿ ಇನ್ನೂ ಕಡಿಮೆ. ಒಬ್ಬ ಬೆರೆಸಬೇಕು, ಒಬ್ಬ ಸುರಿಯಬೇಕು, ಇಬ್ಬರು ಎಳೆಯಬೇಕು, ಯಾರೂ ಫೋನ್ ನೋಡಬಾರದು. ನಡುವೆ ಐದು ನಿಮಿಷ ನಿಂತರೆ ಅಲ್ಲೊಂದು ಗೆರೆ ಬೀಳುತ್ತದೆ, ಆಮೇಲೆ ಅಳಿಸಲಾಗದು. ಹಾಗಾಗಿ ಸರಕಿಗಿಂತ ಮೊದಲು ತಂಡವನ್ನು ನೋಡಿ. ಅವರು ಇದನ್ನೇ ಮಾಡಿದ ಒಂದು ನೆಲವನ್ನು ಹೋಗಿ ಕಣ್ಣಾರೆ ನೋಡಿ ಬನ್ನಿ. ಬೆಲೆ ಜಾಸ್ತಿ, ಹೌದು. ಎರಡು ದಿನದ ಉತ್ಪಾದನೆ ನಿಂತರೆ ಆಗುವ ನಷ್ಟವನ್ನು ಪಕ್ಕದಲ್ಲಿ ಬರೆದು ಲೆಕ್ಕ ಹಾಕಿ, ಆಗ ತಿಳಿಯುತ್ತದೆ. ಸುಮ್ನೆ ಹೆಸರು ಹೊಸದು ಅಂತ ಹಾಕಿಸಬೇಡಿ. ಹತ್ತು ದಿನ ಖಾಲಿ ಇರುವ ಹೊಸ ಕಟ್ಟಡಕ್ಕೆ ಇದರ ಅಗತ್ಯವೇ ಇಲ್ಲ.

ಬಿಸಿನೀರು, ಮೊಸರು, ಉಪ್ಪಿನಕಾಯಿ ಇರುವ ಕಡೆ

ಹಾಲಿನ ಡೇರಿ, ಬೇಕರಿ, ದೊಡ್ಡ ಅಡುಗೆಮನೆ, ಮೀನು ಸಂಸ್ಕರಣೆ ಘಟಕ. ಇಂಥ ಕಡೆ ಮೇಲೆ ಹೇಳಿದ ಯಾವ ತೆಳು ಟಾಪ್‌ಕೋಟೂ ಸಾಲದು. ತಣ್ಣನೆಯ ನೆಲಕ್ಕೆ ಕುದಿಯುವ ನೀರು ಬಿದ್ದಾಗ ಎಪಾಕ್ಸಿ ಒಂದು ಲೆಕ್ಕದಲ್ಲಿ ಹಿಗ್ಗುತ್ತದೆ, ಕಾಂಕ್ರೀಟ್ ಇನ್ನೊಂದು ಲೆಕ್ಕದಲ್ಲಿ ಹಿಗ್ಗುತ್ತದೆ. ದಿನಾ ಹೀಗೆ ಎಳೆದಾಡಿ ಎಪಾಕ್ಸಿ ಸಿಪ್ಪೆಯಾಗಿ ಏಳುತ್ತದೆ. ಜೊತೆಗೆ ಹಾಲು ಹುಳಿಯಾದಾಗ ಹುಟ್ಟುವ ಲ್ಯಾಕ್ಟಿಕ್ ಆಮ್ಲ ಎಪಾಕ್ಸಿಯನ್ನು ನಿಧಾನವಾಗಿ ತಿನ್ನುತ್ತದೆ.

ಅಲ್ಲಿ ಬೇಕಾದದ್ದು ಪಿಯು ಕಾಂಕ್ರೀಟ್. ಪಿಯು ರಾಳ, ಸಿಮೆಂಟ್, ಮರಳು ಸೇರಿದ 4ರಿಂದ 9 ಮಿಲಿಮೀಟರ್ ದಪ್ಪದ ನೆಲ. ಇದರ ಹಿಗ್ಗುವಿಕೆ ಕಾಂಕ್ರೀಟ್‌ಗೆ ಹತ್ತಿರ. 9 ಮಿಲಿಮೀಟರ್ ಹಾಕಿದರೆ ಆವಿಯಿಂದ ತೊಳೆದರೂ ತಡೆಯುವ ಸರಕುಗಳಿವೆ. ಇದರ ರಾಳಕ್ಕೆ ಹೆಚ್ಚಾಗಿ ಬಳಸುವುದು ನಮ್ಮ ಹರಳೆಣ್ಣೆ! ಜಗತ್ತಿನಲ್ಲಿ ಅತಿ ಹೆಚ್ಚು ಹರಳು ಬೆಳೆಯುವ ದೇಶ ನಮ್ಮದು ಅನ್ನುವುದು ಇಲ್ಲಿ ನೆನಪಾಗುತ್ತದೆ. ಇದು ಬಿಸಿಲಿಗೆ ಹಳದಿಯಾಗುತ್ತದೆ, ಮೈ ಒರಟು, ನೋಡಲು ಸಾದಾ. ಡೇರಿಯಲ್ಲಿ ಅದು ಲೆಕ್ಕಕ್ಕಿಲ್ಲ. ಬೆಲೆ ಹಲವು ಪಟ್ಟು, ಹಾಗಾಗಿ ಇಡೀ ಕಟ್ಟಡಕ್ಕೆ ಹಾಕದೆ ನೀರು, ಬಿಸಿ, ಹುಳಿ ಬೀಳುವ ಜಾಗಕ್ಕೆ ಮಾತ್ರ ಹಾಕಿ, ಪ್ಯಾಕಿಂಗ್ ಕೋಣೆಗೆ ಎಪಾಕ್ಸಿ ಮೇಲೆ ನೀರಿನ ಪಿಯು ಹಾಕಿಸಿದರೆ ಸಾಕು.

ಇನ್ನು ಗಾಳಿಯ ತೇವದಿಂದಲೇ ಗಟ್ಟಿಯಾಗುವ ಒಂದೇ ಡಬ್ಬಿಯ ಪಿಯು ಕೂಡ ಇದೆ. ತೆಳು ಪದರಕ್ಕೆ, ಸಣ್ಣ ಜಾಗಕ್ಕೆ ಚೆನ್ನ. ದೊಡ್ಡ ಶೆಡ್‌ಗೆ ನಾನು ಹೇಳುವುದಿಲ್ಲ.

ಹವೆ ನೋಡಿ ದಿನ ಗೊತ್ತುಮಾಡಿ

ಎಷ್ಟೋ ನೆಲ ಕೆಟ್ಟಿರುವುದು ಸರಕಿನಿಂದಲ್ಲ, ತಿಂಗಳಿಂದ. ನನಗೇ ಆದ ಪಾಠ ಹೇಳುತ್ತೇನೆ. ಜುಲೈನಲ್ಲಿ ಕರಾವಳಿಯ ಒಂದು ಶೆಡ್‌ಗೆ ನೀರಿನ ಪಿಯು ಹಾಕಿಸಿದೆವು. ಹೊರಗೆ ಬಿಡದ ಮಳೆ. ಮಾರನೆಯ ದಿನ ನೋಡಿದರೆ ನೆಲದ ತುಂಬ ಬೂದಿ ಬಳಿದ ಹಾಗೆ ಬಿಳಿ ಮಬ್ಬು. ಗಾಳಿಯೇ ನೀರಿನಿಂದ ತುಂಬಿರುವಾಗ ಪದರದೊಳಗಿನ ನೀರು ಎಲ್ಲಿಗೆ ಹೋಗಬೇಕು? ಪೂರ್ತಿ ಉಜ್ಜಿ ತೆಗೆದು ಡಿಸೆಂಬರ್‌ನಲ್ಲಿ ಮತ್ತೆ ಮಾಡಿದೆವು.

ಲೆಕ್ಕ ಹೀಗಿದೆ. ನೆಲದ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಮಳೆಗಾಲದ ಮಂಗಳೂರಿನಲ್ಲಿ ಗಾಳಿ 28 ಡಿಗ್ರಿ, ತೇವಾಂಶ ಶೇ 90 ಇದ್ದರೆ ಇಬ್ಬನಿ ಕಟ್ಟುವುದು ಸುಮಾರು 26 ಡಿಗ್ರಿಗೆ. ಅಂದರೆ ನೆಲ 29 ಡಿಗ್ರಿ ಇರಬೇಕು. ನೆರಳಿನ ಶೆಡ್‌ನಲ್ಲಿ ಅದು ಸಿಗುವುದಿಲ್ಲ. ಬೆಂಗಳೂರಲ್ಲಿ ಈ ಭಯ ಇಲ್ಲ ಅಂದುಕೊಳ್ಳಬೇಡಿ. ಮಳೆ ನಿಂತ ಬೆಳಿಗ್ಗೆ ಗಾಳಿ 24 ಡಿಗ್ರಿ, ತೇವಾಂಶ ಶೇ 75 ಇದ್ದು, ರಾತ್ರಿ ತಣ್ಣಗಾದ ನೆಲ ಇನ್ನೂ 18ರಲ್ಲೇ ಇದ್ದರೆ, ಕಣ್ಣಿಗೆ ಕಾಣದ ತೇವ ಆಗಲೇ ಕೂತಿರುತ್ತದೆ. ತೇವಾಂಶ ಅಳೆಯುವ ಸಣ್ಣ ಮೀಟರ್ ಮತ್ತು ನೆಲದ ಉಷ್ಣತೆ ನೋಡುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇಟ್ಟುಕೊಳ್ಳದ ಗುತ್ತಿಗೆದಾರರಿಗೆ ಕೆಲಸ ಕೊಡಬೇಡಿ.

ಮೇಲಿನ ತೇವ ಒಂದು ಕಡೆ, ಕೆಳಗಿಂದ ಏರುವ ತೇವ ಇನ್ನೊಂದು ಕಡೆ. ಇದಕ್ಕೆ ಸುಲಭದ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, 16 ಗಂಟೆ ಬಿಟ್ಟು ತೆಗೆಯಿರಿ. ಕೆಳಗೆ ಹನಿ ಕಂಡರೆ, ಕಾಂಕ್ರೀಟ್ ಕಪ್ಪಾಗಿದ್ದರೆ, ನೆಲ ಇನ್ನೂ ತಯಾರಿಲ್ಲ. ಹನಿ ಕಾಣಲಿಲ್ಲ ಅಂದ ಮಾತ್ರಕ್ಕೆ ಪೂರ್ತಿ ಒಣಗಿದೆ ಎಂದೂ ಅಲ್ಲ, ದೊಡ್ಡ ಕೆಲಸಕ್ಕೆ ಕಾಂಕ್ರೀಟ್‌ನಲ್ಲಿ ರಂಧ್ರ ಕೊರೆದು ಪ್ರೋಬ್ ಇಟ್ಟು ಅಳೆಸಿ. ಹೊಸ ಕಾಂಕ್ರೀಟ್‌ಗೆ 28 ದಿನ ಕಾಯಲೇಬೇಕು. ಕೆಳಗಿನ ತೇವಕ್ಕೆ ಪಿಯು ಔಷಧವಲ್ಲ, ತೇವ ತಡೆಯುವ ಎಪಾಕ್ಸಿ ಪ್ರೈಮರ್ ಬೇರೆಯೇ ಬರುತ್ತದೆ.

ಕೊಟೇಶನ್ ಹಾಳೆಯಲ್ಲಿ ನೋಡಬೇಕಾದದ್ದು

ಲೀಟರ್ ಲೆಕ್ಕ ನೀವೇ ಹಾಕಿ. ಸರಕಿನ ಡೇಟಾ ಶೀಟ್‌ನಲ್ಲಿ ‘ವಾಲ್ಯೂಮ್ ಸಾಲಿಡ್ಸ್’, ಅಂದರೆ ಒಣಗಿದ ಮೇಲೆ ನೆಲದಲ್ಲಿ ಉಳಿಯುವ ಪಾಲು, ಶೇ 50 ಅಂತಿದೆ, ನಿಮಗೆ ಒಣಗಿದ ಮೇಲೆ 60 ಮೈಕ್ರಾನ್ ಬೇಕು ಅಂದುಕೊಳ್ಳಿ. 50ನ್ನು 10ರಿಂದ ಗುಣಿಸಿ 60ರಿಂದ ಭಾಗಿಸಿ. 8.3 ಬರುತ್ತದೆ. ಒಂದು ಲೀಟರ್‌ಗೆ 8.3 ಚದರ ಮೀಟರ್, ಅಂದರೆ ಸುಮಾರು 90 ಚದರ ಅಡಿ. 5000 ಚದರ ಅಡಿಗೆ ಒಂದು ಕೋಟಿಗೆ 56 ಲೀಟರ್, ವ್ಯರ್ಥವಾಗುವುದೂ ಸೇರಿ 62. ಸೈಟಿಗೆ 30 ಲೀಟರ್ ಬಂದಿದ್ದರೆ ನಿಮಗೆ ಸಿಗುವುದು ಅರ್ಧ ದಪ್ಪ. ಖಾಲಿ ಡಬ್ಬಿ ಎಣಿಸುವುದು ಅವಮಾನದ ಕೆಲಸವಲ್ಲ, ಎಣಿಸಿ.

ಸವೆತದ ಅಂಕಿ ಹೋಲಿಸುವಾಗ ಇನ್ನೊಂದು ಎಚ್ಚರ. ಟೇಬರ್ ಪರೀಕ್ಷೆಯಲ್ಲಿ ತಿರುಗುವ ಚಕ್ರದಿಂದ ಪದರವನ್ನು ಉಜ್ಜಿ ಎಷ್ಟು ಮಿಲಿಗ್ರಾಂ ಹೋಯಿತು ಅಂತ ತೂಗುತ್ತಾರೆ. ಕಡಿಮೆ ಹೋದಷ್ಟು ಒಳ್ಳೆಯದು. ಆದರೆ ಸಿಎಸ್ 17 ಚಕ್ರ ಸಿಎಸ್ 10ಕ್ಕಿಂತ ಒರಟು. ಒಬ್ಬರು ಸಿಎಸ್ 10ರಲ್ಲಿ, ಇನ್ನೊಬ್ಬರು ಸಿಎಸ್ 17ರಲ್ಲಿ ತೆಗೆದ ಅಂಕಿಯನ್ನು ಪಕ್ಕಪಕ್ಕ ಇಟ್ಟರೆ ಅರ್ಥವಿಲ್ಲ. ಚಕ್ರ, ತೂಕ, ಸುತ್ತು ಮೂರೂ ಒಂದೇ ಇರಬೇಕು.

ಎಲೆಕ್ಟ್ರಾನಿಕ್ಸ್ ಘಟಕದವರು ಇದನ್ನು ಎರಡು ಸಲ ಓದಿ. ಸ್ಥಾಯಿ ವಿದ್ಯುತ್ ಹರಿದುಹೋಗಲೆಂದು ದುಬಾರಿ ಇಎಸ್‌ಡಿ ಎಪಾಕ್ಸಿ ನೆಲ ಹಾಕಿಸಿರುತ್ತೀರಿ. ಅದರ ಮೇಲೆ ‘ಹೊಳಪು ಬರಲಿ’ ಅಂತ ಮಾಮೂಲಿ ಪಿಯು ಬಳಿದರೆ, ಆ 60 ಮೈಕ್ರಾನ್ ಪದರವೇ ವಿದ್ಯುತ್ತಿಗೆ ಗೋಡೆಯಾಗುತ್ತದೆ. ವಿದ್ಯುತ್ತನ್ನು ಭೂಮಿಗೆ ಇಳಿಸಲು ಕೆಳಗೆ ಹಾಕಿದ ತಾಮ್ರದ ಪಟ್ಟಿ ಇದ್ದೂ ಇಲ್ಲದಂತೆ. ಅಲ್ಲಿಗೆ ಇಎಸ್‌ಡಿ ಪಿಯು ಎಂದೇ ಬೇರೆ ಬರುತ್ತದೆ, ಹಾಕಿದ ಮೇಲೆ ಮೀಟರ್‌ನಲ್ಲಿ ಅಳೆಸಿ.

ಎಪಾಕ್ಸಿ ಹಾಕಿ ಎಷ್ಟು ಹೊತ್ತಿನೊಳಗೆ ಪಿಯು ಹಾಕಬೇಕು ಅನ್ನುವುದೂ ಶೀಟ್‌ನಲ್ಲಿ ಇರುತ್ತದೆ. ಹೆಚ್ಚಿನವಕ್ಕೆ 24 ಗಂಟೆಯ ಆಸುಪಾಸು. ಅದು ದಾಟಿದರೆ ಎಪಾಕ್ಸಿಯ ಮೈಯನ್ನು 100 ಅಥವಾ 120 ನಂಬರ್ ಕಾಗದದಲ್ಲಿ ಮಬ್ಬಾಗುವಂತೆ ಉಜ್ಜಲೇಬೇಕು. ಟಾಪ್‌ಕೋಟ್ ಹಾಳೆ ಹಾಳೆಯಾಗಿ ಎದ್ದು ಬಂದ ಕಡೆ ನಾನು ಹೆಚ್ಚಾಗಿ ಕಂಡಿರುವ ಕಾರಣ ಇದೇ.

ನಮ್ಮ ಕಡೆಯ ಕೆಲವು ನೆಲಗಳು

ಪೀಣ್ಯದ ಆ ಮೆಷಿನ್ ಶಾಪ್‌ಗೆ ಕೊನೆಗೆ ಥಿನ್ನರ್ ಪಿಯು ಹೇಳಿದೆ. ಸುತ್ತ ಬೇರೆ ಜನ ಇರಲಿಲ್ಲ, ದಸರಾ ರಜೆಯಲ್ಲಿ ನಾಲ್ಕು ದಿನ ಸಿಗುತ್ತಿತ್ತು, ಕೂಲಂಟ್ ಎಣ್ಣೆ ದಿನವೂ ಬೀಳುತ್ತಿತ್ತು. ಆದರೆ ದುಡ್ಡಿನ ದೊಡ್ಡ ಪಾಲನ್ನು ಟಾಪ್‌ಕೋಟಿಗಲ್ಲ, ಹಳೆಯ ನೆಲದ ಎಣ್ಣೆ ತೆಗೆಯಲು ಇಡಿ ಅಂತಲೂ ಹೇಳಿದೆ. ವರ್ಷಗಟ್ಟಲೆ ಎಣ್ಣೆ ಕುಡಿದ ಕಾಂಕ್ರೀಟ್ ಮೇಲೆ ಯಾವ ಸರಕೂ ನಿಲ್ಲುವುದಿಲ್ಲ. ಡಿಗ್ರೀಸರ್ ಹಾಕಿ ತೊಳೆದು, ಡೈಮಂಡ್ ಗ್ರೈಂಡಿಂಗ್ ಮಾಡಿ, ನೀರು ಚಿಮುಕಿಸಿ ನೋಡಬೇಕು. ನೀರು ಮುತ್ತಾಗಿ ನಿಂತರೆ ಎಣ್ಣೆ ಇನ್ನೂ ಇದೆ. ಹೀರಿಕೊಂಡರೆ ಮುಂದುವರಿಯಿರಿ.

ನೆಲಮಂಗಲ, ಹೊಸಕೋಟೆ ಕಡೆಯ ದೊಡ್ಡ ಗೋದಾಮುಗಳಿಗೆ ಎಷ್ಟೋ ಸಲ ಪಿಯು ಬೇಡ ಅಂತಲೇ ಹೇಳುತ್ತೇನೆ. ಬರೀ ಪುಡಿ ಏಳುವ ತೊಂದರೆ ಇದ್ದರೆ ಲಿಥಿಯಂ ಸಿಲಿಕೇಟ್ ಡೆನ್ಸಿಫೈಯರ್ (ಕಾಂಕ್ರೀಟ್ ಮೈಯನ್ನು ಗಟ್ಟಿ ಮಾಡುವ ದ್ರವ) ಹಾಕಿ ಪಾಲಿಶ್ ಮಾಡಿಸಿದರೆ ಸಾಕು. ನೈಲಾನ್ ಚಕ್ರದ ಪ್ಯಾಲೆಟ್ ಟ್ರಾಲಿಗೆ ಒಂದು ಕಬ್ಬಿಣದ ಚೂರು ಸಿಕ್ಕಿಕೊಂಡರೆ ಎಂಥ ಪಿಯುವಿನಲ್ಲೂ ಗೆರೆ ಬರೆಯುತ್ತದೆ, ಪಾಲಿಶ್ ಮಾಡಿದ ಕಾಂಕ್ರೀಟ್‌ನಲ್ಲಿ ಸಿಪ್ಪೆ ಏಳುವುದಕ್ಕೆ ಪದರವೇ ಇರುವುದಿಲ್ಲ. ಅದೇ ಗೋದಾಮಿನ ಬಿಸಿಲು ಬೀಳುವ ಡಾಕ್ (ಲಾರಿಗೆ ಸರಕು ಏರಿಸಿ ಇಳಿಸುವ ಜಾಗ) ಹತ್ತಿರ, ಹಳದಿ ಗೆರೆಗಳ ಮೇಲೆ ಮಾತ್ರ ಅಲಿಫ್ಯಾಟಿಕ್ ಪಿಯು ಹಾಕಿಸಿ.

ಮಾಲ್, ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನ ಇಳಿಜಾರಿಗೆ ಟಾಪ್‌ಕೋಟ್ ಒಳಗೆ ಕ್ವಾರ್ಟ್ಜ್ ಅಥವಾ ಅಲ್ಯೂಮಿನಿಯಂ ಆಕ್ಸೈಡ್ ಕಾಳು ಸೇರಲೇಬೇಕು. ನುಣುಪು ಪಿಯು ಮೇಲೆ ಮಳೆನೀರು ಬಿದ್ದರೆ ಸ್ಕೂಟರ್ ನಿಲ್ಲುವುದಿಲ್ಲ. ಇಲ್ಲಿ ಚೆಂದ ಆಮೇಲೆ, ಜನರ ಕೈಕಾಲು ಮೊದಲು.

ಕೆಲಸ ಮಾಡುವವರ ಉಸಿರಿನ ಬಗ್ಗೆ ಯಾವ ಕೊಟೇಶನ್‌ನಲ್ಲೂ ಬರೆದಿರುವುದಿಲ್ಲ, ನೀವೇ ಬರೆಸಬೇಕು. ಐಸೊಸಯನೇಟ್ ಕೆಲವರಲ್ಲಿ ಆಸ್ತಮಾ ತರುತ್ತದೆ. ಒಮ್ಮೆ ದೇಹಕ್ಕೆ ಅದು ಒಗ್ಗದೆ ಹೋದರೆ ಮುಂದೆ ಚೂರು ತಗುಲಿದರೂ ಉಸಿರು ಕಟ್ಟಬಹುದು, ಆ ಹುಡುಗ ಆ ಕೆಲಸವನ್ನೇ ಬಿಡಬೇಕಾಗುತ್ತದೆ. ರೋಲರ್‌ಗಿಂತ ಸ್ಪ್ರೇ ಹೆಚ್ಚು ಅಪಾಯ. ಮೂಗಿಗೆ ಕರವಸ್ತ್ರ ಕಟ್ಟಿದರೆ ಏನೂ ಉಪಯೋಗವಿಲ್ಲ. ರೋಲರ್ ಕೆಲಸಕ್ಕೆ ಸಾವಯವ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್, ನೈಟ್ರೈಲ್ ಗ್ಲೌಸ್, ಗಾಳಿ ಎಳೆಯುವ ಫ್ಯಾನ್ ಬೇಕು. ವಾಸನೆ ಇಲ್ಲದ ನೀರಿನ ಪಿಯುವಿನ ಹಾರ್ಡನರ್‌ನಲ್ಲೂ ಇದೇ ಐಸೊಸಯನೇಟ್ ಇದೆ, ಅಲ್ಲೂ ಇವೆಲ್ಲ ಬೇಕು. ಇದರ ಖರ್ಚನ್ನು ನಿಮ್ಮ ಬಿಲ್ಲಿಗೆ ಸೇರಿಸಲು ಹೇಳಿ, ಸಂತೋಷದಿಂದ ಕೊಡಿ.

ಆಯ್ಕೆ ಗಟ್ಟಿಯಾದ ಮೇಲೂ ಇಡೀ ನೆಲಕ್ಕೆ ಒಪ್ಪಿಗೆ ಕೊಡುವ ಮುನ್ನ ಹತ್ತಡಿ ಚೌಕದ ಒಂದು ಜಾಗದಲ್ಲಿ ಮಾಡಿಸಿ. ಅತಿ ಕಷ್ಟದ ಜಾಗವನ್ನೇ ಆರಿಸಿ. ಏಳು ದಿನ ನೀರು, ಸೋಪು ತಾಗದಂತೆ ಬಿಟ್ಟು, ಎಂಟನೇ ದಿನದಿಂದ ನಿಮ್ಮದೇ ಟ್ರಾಲಿ ಓಡಿಸಿ, ನಿಮ್ಮದೇ ಎಣ್ಣೆ ಸುರಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒರೆಸಿ, ಬೆರಳಲ್ಲಿ ಮುಟ್ಟಿ ನೋಡಿ. ಅಂಟಂಟಾಗಿದೆಯಾ, ಉಗುರಿಗೆ ಮೆತ್ತಗೆ ಸಿಗುತ್ತದಾ, ಬಣ್ಣ ಬದಲಾಗಿದೆಯಾ ಅಂತ ಗುತ್ತಿಗೆದಾರರ ಎದುರಿಗೇ ನೋಡಿ, ಮುಂಗಡ ಆಮೇಲೆ ಕೊಡಿ.